ಬಾಲಚಕ್ರದ ವಿಮಾನ ಇಳಿಸುವಾಗ ಮೂಗು ನೆಟ್ಟಗಿರಲಿ

ಅವತ್ತು ನಾನು ಇಳಿಸಿದ್ದು ಚೆನ್ನಾಗಿಯೇ ಇತ್ತು. ಎಡಗಡೆಯಿಂದ ಸುಮಾರು 8 ನಾಟ್ (ಗಂಟೆಗೆ ಸುಮಾರು 15 ಕಿ.ಮೀ.) ಅಡ್ಡಗಾಳಿ. ಸಿಟಾಬ್ರಿಯಾ ಅನ್ನುವ ಪುಟ್ಟ ವಿಮಾನದ ಎಡ ಚಕ್ರ ಮೊದಲು ತಾಗಿತು, ಆಮೇಲೆ ಬಲ ಚಕ್ರ. ಪುಟಿಯಲಿಲ್ಲ. ವೇಗ ಇಳಿಯುತ್ತಾ ಬಂತು. ಮನುಷ್ಯ ಓಡುವಷ್ಟು ವೇಗ ಉಳಿದಿತ್ತು. ಹೊರಗೆ ಹೋಗುವ ಟ್ಯಾಕ್ಸಿವೇ ಎಲ್ಲಿದೆ ಅಂತ ಬಲಕ್ಕೆ ಕಣ್ಣು ಹಾಯಿಸಿದೆ. ಕಣ್ಣು ವಾಪಸ್ ಬರುವಷ್ಟರಲ್ಲಿ ಮೂಗು ಎಡಕ್ಕೆ ಹೊರಟಿತ್ತು. ಬಲ ರಡ್ಡರ್ (ಕಾಲಲ್ಲಿ ಒತ್ತಿ ಆಡಿಸುವ ಬಾಲದ ಚುಕ್ಕಾಣಿ) ಪೂರ್ತಿ ಒತ್ತಿದೆ. ಏನೂ ಆಗಲಿಲ್ಲ. ಟೈರು ಕಿರುಚಿತು. ಬಲ ರೆಕ್ಕೆ ನೆಲದ ಕಡೆ ಬಾಗಿತು. ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ಇಳಿದು, ಗಾಳಿಚೀಲದ ಕಡೆ ಮುಖ ಮಾಡಿ ನಿಂತುಕೊಂಡಿತು.

ರೆಕ್ಕೆ ನೆಲಕ್ಕೆ ತಾಗಿರಲಿಲ್ಲ. ಪ್ರೊಪೆಲರ್ ಕೂಡ ತಾಗಿರಲಿಲ್ಲ. ಬಲ ಚಕ್ರದ ರಿಮ್ಮಿಗೂ ಟೈರಿಗೂ ನಡುವೆ ಒಂದು ಹಿಡಿ ಹಸಿ ಹುಲ್ಲು ಸಿಕ್ಕಿಕೊಂಡಿತ್ತು. ಅದನ್ನು ಬೆರಳಲ್ಲಿ ಕಿತ್ತು ತೆಗೆಯುವಾಗ ನನ್ನ ಮೊಣಕಾಲು ಇನ್ನೂ ನಡುಗುತ್ತಿತ್ತು.

ಹೀಗೆ ನೆಲದ ಮೇಲೆ ವಿಮಾನ ಗಿರ್ರನೆ ತಿರುಗಿಬಿಡುವುದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಮೂಗಿನ ಕೆಳಗೆ ಚಕ್ರ ಇರುವ ಸೆಸ್ನಾದಲ್ಲಿ ಲೈಸೆನ್ಸ್ ತೆಗೆದುಕೊಂಡು, ಆಮೇಲೆ ಬಾಲದಲ್ಲಿ ಚಕ್ರ ಇರುವ ಕಬ್, ಸಿಟಾಬ್ರಿಯಾ, ಸೆಸ್ನಾ 140 ಇಂಥ ವಿಮಾನದ ಕಡೆ ಬರುವವರಿಗೆ ಈ ಬರಹ. ಅಮೆರಿಕದಲ್ಲಿದ್ದು ವಾರದ ಕೊನೆಯಲ್ಲಿ ಹಾರಲು ಹೋಗುವ ನಮ್ಮವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋದರೆ ಅರ್ಧ ಭಯ ಕಡಿಮೆಯಾಗುತ್ತದೆ. ಇನ್‌ಸ್ಟ್ರಕ್ಟರ್ ಜೊತೆ ಕೂತು ಕಲಿಯುವುದಕ್ಕೆ ಇದು ಬದಲಿ ಆಗುವುದಿಲ್ಲ. ನಿಮ್ಮ ವಿಮಾನದ ಕೈಪಿಡಿ ಬೇರೆ ರೀತಿ ಹೇಳಿದ್ದರೆ ಕೈಪಿಡಿಯ ಮಾತೇ ಕೊನೆ.

ಯಾಕೆ ತಿರುಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ

ಎತ್ತು ಬಿಚ್ಚಿದ ಗಾಡಿಯ ಮೂಕಿ ಹಿಡಿದು ಎಳೆದುಕೊಂಡು ಹೋಗಿ. ಗಾಡಿ ನೆಟ್ಟಗೆ ಹಿಂದೆ ಬರುತ್ತದೆ. ಅದೇ ಮೂಕಿ ಹಿಡಿದು ಹಿಂದಕ್ಕೆ ನೂಕಿ. ನಾಲ್ಕು ಹೆಜ್ಜೆಗೆ ಎಡಕ್ಕೋ ಬಲಕ್ಕೋ ತಿರುಗಿಕೊಳ್ಳುತ್ತದೆ. ಎಳೆಯುವ ಶಕ್ತಿ ಚಕ್ರಕ್ಕಿಂತ ಮುಂದಿದ್ದರೆ ಗಾಡಿ ತಾನೇ ನೆಟ್ಟಗಾಗುತ್ತದೆ. ನೂಕುವ ಶಕ್ತಿ ಹಿಂದಿದ್ದರೆ ತಾನೇ ಸೊಟ್ಟಗಾಗುತ್ತದೆ.

ವಿಮಾನದ ಕಥೆಯೂ ಇದೇ. ಮೂಗಿನಲ್ಲಿ ಚಕ್ರ ಇರುವ ವಿಮಾನದ ಭಾರದ ಕೇಂದ್ರ ಎರಡು ದೊಡ್ಡ ಚಕ್ರಗಳಿಗಿಂತ ಸ್ವಲ್ಪ ಮುಂದೆ ಇರುತ್ತದೆ. ಸ್ವಲ್ಪ ಸೊಟ್ಟಗೆ ಇಳಿಸಿದರೂ ಭಾರ ಮುಂದಕ್ಕೆ ಎಳೆದು ಮೂಗನ್ನು ಸರಿಮಾಡುತ್ತದೆ. ಟೈಲ್‌ವೀಲ್, ಅಂದರೆ ಬಾಲಚಕ್ರದ ವಿಮಾನದಲ್ಲಿ ಭಾರದ ಕೇಂದ್ರ ದೊಡ್ಡ ಚಕ್ರಗಳ ಹಿಂದೆ. ಮೂಗು ಕೊಂಚ ತಿರುಗಿತು ಅನ್ನಿ. ಹಿಂದಿನ ಭಾರ ತಾನು ಬಂದ ದಾರಿಯಲ್ಲೇ ಮುಂದಕ್ಕೆ ನುಗ್ಗುತ್ತದೆ, ಚಕ್ರಗಳು ಬೇರೆ ಕಡೆ ಎಳೆಯುತ್ತವೆ. ಮೂಗು ಇನ್ನೂ ತಿರುಗುತ್ತದೆ. ತಿರುಗಿದಷ್ಟೂ ತಿರುಗಿಸುವ ಬಲ ಜಾಸ್ತಿಯಾಗುತ್ತದೆ. ಚಕ್ರಬಡ್ಡಿಯ ಸಾಲದ ಹಾಗೆ. ಐದು ಡಿಗ್ರಿಯಲ್ಲಿ ಹಿಡಿದರೆ ಒಂದು ಸಣ್ಣ ಒತ್ತು ಸಾಕು. ಮೂವತ್ತು ಡಿಗ್ರಿ ದಾಟಿದ ಮೇಲೆ ಕಾಲು, ಬ್ರೇಕು ಎಲ್ಲ ಹಾಕಿದರೂ ಸಾಲದು.

ಆದ್ದರಿಂದ ಮುಂದೆ ಹೇಳುವುದೆಲ್ಲ ಒಂದೇ ಕೆಲಸಕ್ಕೆ. ಸೊಟ್ಟ ಸಣ್ಣದಿದ್ದಾಗಲೇ ಕಾಣಬೇಕು, ಸಣ್ಣದಿದ್ದಾಗಲೇ ನಿಲ್ಲಬೇಕು.

ಸೆಸ್ನಾ ಕಂಪನಿ 1950ರ ದಶಕದ ಮಧ್ಯದಲ್ಲಿ ತನ್ನ ಟೈಲ್‌ವೀಲ್ 170ಕ್ಕೆ ಮೂಗುಚಕ್ರ ಇಟ್ಟು 172 ಮಾಡಿತು. ಇಳಿಸುವುದು ಸುಲಭ ಅನ್ನುವುದನ್ನೇ ಮುಂದಿಟ್ಟುಕೊಂಡು ಮಾರಿತು. ಅದು ಎಷ್ಟು ಮಾರಾಟವಾಯಿತು ಅಂತ ನಮಗೆಲ್ಲ ಗೊತ್ತು. ಅದಕ್ಕಿಂತ ಮುಂಚೆ ಬಾಲಚಕ್ರವೇ ಮಾಮೂಲು. ನಮ್ಮ ಬೆಂಗಳೂರಿಗೂ ಇದು ಹೊಸದಲ್ಲ. ವಿ. ಎಂ. ಘಾಟಗೆಯವರ ತಂಡ ಎಚ್‌ಎಎಲ್‌ನಲ್ಲಿ ವಿನ್ಯಾಸ ಮಾಡಿ 1951ರಲ್ಲಿ ಹಾರಿಸಿದ ಎಚ್‌ಟಿ-2 ತರಬೇತಿ ವಿಮಾನಕ್ಕೆ ಇದ್ದದ್ದು ಬಾಲಚಕ್ರ. 1958ರಲ್ಲಿ ಹಾರಿದ ಪುಷ್ಪಕ್‌ಗೂ ಅದೇ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಜನ ಮೊದಲ ಪಾಠ ಕಲಿತದ್ದು ಪುಷ್ಪಕ್‌ನಲ್ಲೇ. ಆ ಕಾಲದವರಿಗೆ ಇದು ವಿಶೇಷ ವಿದ್ಯೆ ಅನ್ನಿಸುತ್ತಿರಲಿಲ್ಲ, ಯಾಕೆಂದರೆ ಅವರು ಬೇರೆ ಥರದ್ದನ್ನು ಕಲಿತೇ ಇರಲಿಲ್ಲ. ನಮಗೆ ಕಷ್ಟ ಆಗುವುದು ಮೂಗುಚಕ್ರ ನಮ್ಮ ಕಾಲನ್ನು ಸೋಮಾರಿ ಮಾಡಿರುವುದರಿಂದ.

ಅಮೆರಿಕದಲ್ಲಿ ಇದಕ್ಕೆ ಬೇರೆ ಪರೀಕ್ಷೆ ಇಲ್ಲ. ಇನ್‌ಸ್ಟ್ರಕ್ಟರ್ ಲಾಗ್‌ಬುಕ್‌ನಲ್ಲಿ ಒಪ್ಪಿಗೆ ಬರೆದು ಸಹಿ ಹಾಕಬೇಕು. ಮಾಮೂಲಿ ಗಾಳಿಯಲ್ಲೂ ಅಡ್ಡಗಾಳಿಯಲ್ಲೂ ಏರುವುದು ಇಳಿಯುವುದು, ವೀಲ್ ಲ್ಯಾಂಡಿಂಗ್ (ಬಾಲ ಎತ್ತಿಕೊಂಡು ಮುಂದಿನ ಚಕ್ರ ಮಾತ್ರ ತಾಗಿಸುವುದು), ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಇಷ್ಟನ್ನು ಕಲಿಸಿರಬೇಕು. ಎಷ್ಟು ಗಂಟೆ ಅಂತ ನಿಯಮ ಹೇಳುವುದಿಲ್ಲ. ಗಾಳಿ ಇಲ್ಲದ ಎರಡು ಬೆಳಗ್ಗೆಗಳಲ್ಲಿ ಮುಗಿಸಿಕೊಂಡು ಸಹಿ ಹಾಕಿಸಿಕೊಳ್ಳಬೇಡಿ. ಅಡ್ಡಗಾಳಿ ಬರುವ ದಿನಕ್ಕೆ ಕಾದು, ಅವತ್ತೇ ಹೋಗಿ ಕಲಿಯಿರಿ.

ಮೊದಲ ಹೆಜ್ಜೆ: ಬಾಲದ ಹತ್ತಿರ ಮಂಡಿಯೂರಿ ನೋಡಿ

ಹಾರುವ ಮೊದಲಿನ ತಪಾಸಣೆಯಲ್ಲಿ ಎಲ್ಲರೂ ಎಣ್ಣೆ, ಪೆಟ್ರೋಲು ನೋಡುತ್ತಾರೆ. ಬಾಲಚಕ್ರಕ್ಕೆ ಒಂದು ಒದೆ ಕೊಟ್ಟು ಮುಂದೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ನೆಲಕ್ಕೆ ಮಂಡಿಯೂರಿ ಕೂತು ನೋಡಿ.

ರಡ್ಡರ್‌ನಿಂದ ಬಾಲಚಕ್ರಕ್ಕೆ ಎರಡು ಸ್ಪ್ರಿಂಗು ಮತ್ತು ಸರಪಳಿ ಇರುತ್ತವೆ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಬಿದ್ದಿದ್ದರೆ ವಿಮಾನ ಯಾವಾಗಲೂ ಒಂದು ಕಡೆಗೇ ಎಳೆಯುತ್ತದೆ. ಕೊಕ್ಕೆ ಸವೆದಿದೆಯಾ ನೋಡಿ. ಸಣ್ಣ ವಿಮಾನಗಳ ಬಾಲಚಕ್ರ ಒಂದು ಮಿತಿಯವರೆಗೆ ನಿಮ್ಮ ಕಾಲಿನ ಮಾತು ಕೇಳುತ್ತದೆ. ಅದಕ್ಕಿಂತ ಹೆಚ್ಚು ತಿರುಗಿದರೆ ಒಳಗಿನ ಬೀಗ ಬಿಟ್ಟುಕೊಂಡು ಸುಮ್ನೆ ಸುತ್ತುತ್ತದೆ, ಅಂಗಡಿಯ ಟ್ರಾಲಿಯ ಚಕ್ರದ ಹಾಗೆ. ಇಕ್ಕಟ್ಟಾದ ಜಾಗದಲ್ಲಿ ತಿರುಗಿಸಲು ಇದು ಅನುಕೂಲ. ಆದರೆ ಆ ಬೀಗ ಸವೆದಿದ್ದರೆ ರನ್‌ವೇ ಮೇಲೆ ಬೇಗ ಬಿಟ್ಟುಕೊಂಡುಬಿಡುತ್ತದೆ. ಆಗ ರಡ್ಡರ್ ಒತ್ತಿದರೂ ಬಾಲಚಕ್ರ ಬರುವುದಿಲ್ಲ. ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ಮೆಲ್ಲಗೆ ಓಡಿಸುವಾಗ, ಅದು ಪದೇ ಪದೇ ಬಿಟ್ಟುಕೊಳ್ಳುತ್ತಿದ್ದರೆ ಮೆಕ್ಯಾನಿಕ್‌ಗೆ ತೋರಿಸದೆ ಹಾರಬೇಡಿ.

ಬಾಲಚಕ್ರ ಸುತ್ತುವ ಕಂಬಿಯನ್ನೂ ಪಕ್ಕದಿಂದ ನೋಡಿ. ಹಳೆಯ ಪಟ್ಟಿ ಸ್ಪ್ರಿಂಗು ಜಗ್ಗಿ ಆ ಕಂಬಿಯ ಮೇಲ್ತುದಿ ಮುಂದಕ್ಕೆ ವಾಲಿದ್ದರೆ ಚಕ್ರ ಗಡಗಡ ನಡುಗತೊಡಗುತ್ತದೆ. ನಡುಗುವ ಚಕ್ರ ದಿಕ್ಕು ಹಿಡಿಯುವುದಿಲ್ಲ.

ಮುಂದಿನ ಎರಡು ಟೈರಿನಲ್ಲಿ ಗಾಳಿ ಒಂದೇ ಸಮ ಇರಬೇಕು. ಚಕ್ರಗಳು ಒಳಮುಖವಾಗಿದ್ದರೂ ತೊಂದರೆ. ಸೊಟ್ಟಗೆ ಹೊರಟಾಗ ಭಾರವೆಲ್ಲ ಹೊರಗಿನ ಚಕ್ರದ ಮೇಲೆ ಬೀಳುತ್ತದೆ. ಒಳಮುಖವಾದ ಆ ಚಕ್ರ ವಿಮಾನವನ್ನು ಇನ್ನೂ ತಿರುವಿನೊಳಕ್ಕೇ ಎಳೆಯುತ್ತದೆ. ಟೈರಿನ ಒಂದೇ ಅಂಚು ಸವೆದಿದ್ದರೆ ಅನುಮಾನ ಪಡಿ.

ಆಮೇಲೆ ಸೀಟು. ರಡ್ಡರ್ ಪೆಡಲ್ ಪೂರ್ತಿ ಕೊನೆಯವರೆಗೆ ಹೋಗಬೇಕು, ಹಾಗೆ ಹೋದಾಗಲೂ ಕಾಲ್ಬೆರಳು ಬ್ರೇಕಿಗೆ ತಾಗಬಾರದು. ಬೆನ್ನಿಗೆ ದಿಂಬು ಬೇಕಿದ್ದರೆ ಇಟ್ಟುಕೊಳ್ಳಿ, ಸಂಕೋಚ ಬೇಡ. ದಪ್ಪ ಅಟ್ಟೆಯ ಬೂಟು ಬೇಡ. ಕಬ್‌ನಂಥ ಹಳೆಯ ವಿಮಾನದಲ್ಲಿ ಬ್ರೇಕು ಹಿಮ್ಮಡಿಯ ಕೆಳಗೆ ಇರುತ್ತದೆ. ಅದನ್ನು ನಿಂತಲ್ಲೇ ಹತ್ತು ಸಲ ಒತ್ತಿ ಅಭ್ಯಾಸ ಮಾಡಿ. ಬೇಕಾದಾಗ ಹುಡುಕುತ್ತಾ ಕೂರಲು ಆಗುವುದಿಲ್ಲ, ಅಲ್ವಾ?

ಎರಡನೇ ಹೆಜ್ಜೆ: ಕಣ್ಣಿಗೆ ಗುರುತು ಕೊಡಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಆದರೆ ಇದರಿಂದ ತಪ್ಪುವ ತಾಪತ್ರಯ ಜಾಸ್ತಿ.

ವಿಮಾನ ಮೂರು ಚಕ್ರದ ಮೇಲೆ ನಿಂತಿರುವಾಗ ಸೀಟಿನಲ್ಲಿ ಐದು ನಿಮಿಷ ಸುಮ್ನೆ ಕೂತು ಹೊರಗೆ ನೋಡಿ. ಮೂಗು ಎಷ್ಟು ಆಕಾಶ ಮುಚ್ಚಿದೆ? ಎಡ ಬಲ ಎಷ್ಟು ನೆಲ ಕಾಣುತ್ತದೆ? ಮೂರೂ ಚಕ್ರ ಒಟ್ಟಿಗೆ ತಾಗಿಸಿ ಇಳಿಯುವಾಗ ನಿಮಗೆ ಕಾಣಬೇಕಾದ ಚಿತ್ರ ಇದೇ. ಇದನ್ನು ಕಣ್ಣಿನಲ್ಲಿ ತುಂಬಿಕೊಳ್ಳಿ.

ಪಕ್ಕಪಕ್ಕ ಕೂರುವ ವಿಮಾನದಲ್ಲಿ ಇನ್ನೊಂದು ಮೋಸ ಇದೆ. ನೀವು ಎಡ ಸೀಟಿನಲ್ಲಿ ಕೂತಿರುತ್ತೀರಿ. ಪ್ರೊಪೆಲರಿನ ನಡುಭಾಗ ನಿಮ್ಮ ಬಲಕ್ಕೆ ಇರುತ್ತದೆ. ಅದನ್ನು ರನ್‌ವೇಯ ದೂರದ ತುದಿಗೆ ಹೊಂದಿಸಲು ಹೋದರೆ ವಿಮಾನ ನಿಜವಾಗಿ ಎಡಕ್ಕೆ ಸೊಟ್ಟಗಿರುತ್ತದೆ. ಸೊಟ್ಟಗೆ ತಾಗಿಸುತ್ತೀರಿ, ಸೊಟ್ಟ ಅಂತ ಗೊತ್ತೂ ಆಗುವುದಿಲ್ಲ. ವಿಮಾನವನ್ನು ಟ್ಯಾಕ್ಸಿವೇಯ ಹಳದಿ ಗೆರೆಗೆ ಸರಿಯಾಗಿ ನಿಲ್ಲಿಸಿ. ನಿಮ್ಮ ಕಣ್ಣಿಗೆ ನೇರ ಮುಂದೆ ಬಾನೆಟ್ ಮೇಲೆ ಯಾವ ರಿವೆಟ್ ಬರುತ್ತದೆ ನೋಡಿ. ಅಲ್ಲೊಂದು ಸಣ್ಣ ಟೇಪ್ ಅಂಟಿಸಿ. ಇನ್ನು ಮುಂದೆ ನೆಟ್ಟಗೆ ಅಂದರೆ ಆ ಟೇಪು.

ಮೂರನೇ ಹೆಜ್ಜೆ: ಟ್ಯಾಕ್ಸಿಯಲ್ಲೇ ಪಾಠ ಶುರು

ನನಗೆ ಕಲಿಸಿದ ಹಿರಿಯರು ಮೊದಲ ದಿನ ಹಾರಿಸಲೇ ಇಲ್ಲ. ಒಂದು ಗಂಟೆ ಟ್ಯಾಕ್ಸಿ ಮಾಡಿಸಿದರು. ನನಗೆ ಒಳಗೊಳಗೇ ಬೇಜಾರು. ಆದರೆ ಕಾಲು ಎಚ್ಚರವಾಗಿದ್ದು ಆ ಒಂದು ಗಂಟೆಯಲ್ಲೇ.

ಗಾಳಿ ಮುಂದಿನ ಎಡಗಡೆಯಿಂದ ಬರುತ್ತಿದ್ದರೆ ಸ್ಟಿಕ್ (ಕೈಯಲ್ಲಿ ಹಿಡಿಯುವ ಹತೋಟಿ ಕೋಲು) ಎಡಕ್ಕೆ ಮತ್ತು ಹಿಂದಕ್ಕೆ. ಗಾಳಿ ಹಿಂದಿನ ಎಡಗಡೆಯಿಂದ ಬರುತ್ತಿದ್ದರೆ ಸ್ಟಿಕ್ ಬಲಕ್ಕೆ ಮತ್ತು ಮುಂದಕ್ಕೆ. ಬರುವ ಗಾಳಿಯ ಕಡೆಗೆ ಹತ್ತು, ಬೆನ್ನಿನ ಗಾಳಿಯಿಂದ ದೂರಕ್ಕೆ ಧುಮುಕು ಅಂತ ನೆನಪಿಟ್ಟುಕೊಳ್ಳಿ. ಪ್ರತಿ ತಿರುವಿನಲ್ಲೂ ಗಾಳಿಚೀಲ ನೋಡಿ ಸ್ಟಿಕ್ ಬದಲಿಸಿ. ಇಳಿದ ಮೇಲೆ ಕೈ ತಾನಾಗಿ ಗಾಳಿಯ ಕಡೆ ಹೋಗುವುದು ಈ ಅಭ್ಯಾಸದಿಂದ.

ಆಮೇಲೆ ಇನ್‌ಸ್ಟ್ರಕ್ಟರ್ ಜೊತೆ ಖಾಲಿ ರನ್‌ವೇಯಲ್ಲಿ ಬಾಲ ಎತ್ತಿಕೊಂಡು ಓಡಿಸಿ, ಬಾಲ ಇಳಿಸಿ, ನಿಲ್ಲಿಸಿ. ಹಾರದೆಯೇ ಇಳಿಯುವಿಕೆಯ ಕೊನೆಯ ಭಾಗವನ್ನು ನಾಲ್ಕಾರು ಸಲ ಮಾಡಿದಂತಾಗುತ್ತದೆ.

ನಾಲ್ಕನೇ ಹೆಜ್ಜೆ: ಗಾಳಿಯ ಲೆಕ್ಕ

ರನ್‌ವೇಗೂ ಗಾಳಿಗೂ ನಡುವಿನ ಕೋನ 30 ಡಿಗ್ರಿ ಇದ್ದರೆ ಗಾಳಿಯ ಅರ್ಧ ಅಡ್ಡಗಾಳಿ. 45 ಡಿಗ್ರಿಗೆ ಸುಮಾರು ಶೇ. 70. 60 ದಾಟಿದರೆ ಪೂರ್ತಿ ಅಂತಲೇ ಇಟ್ಟುಕೊಳ್ಳಿ. ರನ್‌ವೇ 27 (ಅಂದರೆ 270 ಡಿಗ್ರಿ ದಿಕ್ಕು), ಗಾಳಿ 230 ಡಿಗ್ರಿಯಿಂದ 12 ನಾಟ್ ಅನ್ನಿ. ಕೋನ 40. ಅಡ್ಡಗಾಳಿ ಸುಮಾರು 8 ನಾಟ್.

ಅಮೆರಿಕದ ಹಳೆಯ ವಿನ್ಯಾಸ ನಿಯಮದಲ್ಲಿ ಒಂದು ಅಳತೆಗೋಲು ಇತ್ತು. ಇಳಿಯುವ ಸ್ಥಿತಿಯ ಸ್ಟಾಲ್ ವೇಗದ (ಅದಕ್ಕಿಂತ ಕೆಳಗೆ ಹೋದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದು) ಶೇ. 20ರಷ್ಟು ಅಡ್ಡಗಾಳಿಯಲ್ಲಾದರೂ ಸಣ್ಣ ವಿಮಾನ ಹತೋಟಿಯಲ್ಲಿ ಇರಬೇಕಿತ್ತು. ಸ್ಟಾಲ್ 45 ನಾಟ್ ಇದ್ದರೆ 9 ನಾಟ್. ಅದು ವಿಮಾನದ ಮಾತು. ನಿಮ್ಮ ಮಿತಿ ಬೇರೆ. ಮೊದಲ ಹತ್ತು ಗಂಟೆ ನಾನು 5 ನಾಟ್‌ಗಿಂತ ಜಾಸ್ತಿ ಅಡ್ಡಗಾಳಿಯಲ್ಲಿ ಒಬ್ಬನೇ ಹೋಗುತ್ತಿರಲಿಲ್ಲ. ಆ ಮಿತಿಯನ್ನು ಒಮ್ಮೆಲೇ 8ಕ್ಕೆ ಏರಿಸಿದ್ದು ಮೇಲೆ ಹೇಳಿದ ದಿನ.

ಆಯ್ಕೆ ಇದ್ದರೆ ಹುಲ್ಲಿನ ರನ್‌ವೇ ಹಿಡಿಯಿರಿ. ಹುಲ್ಲಿನಲ್ಲಿ ಟೈರು ಕೊಂಚ ಪಕ್ಕಕ್ಕೆ ಜಾರುತ್ತದೆ, ಸಣ್ಣ ತಪ್ಪು ಅಲ್ಲೇ ಕರಗುತ್ತದೆ. ಡಾಂಬರು ಟೈರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದೇ ಹಿಡಿತ ವಿಮಾನವನ್ನು ತಿರುಗಿಸಿಬಿಡುತ್ತದೆ.

ಐದನೇ ಹೆಜ್ಜೆ: ಕೆಳಗೆ ಬರುವಾಗಲೇ ನೆಟ್ಟಗೆ

ಗ್ರೌಂಡ್ ಲೂಪ್ ಆಗುವುದು ನೆಲದ ಮೇಲೆ. ಆದರೆ ಅದರ ಬೀಜ ಬಹಳ ಸಲ ಗಾಳಿಯಲ್ಲೇ ಬಿದ್ದಿರುತ್ತದೆ. ಎರಡು ತಪ್ಪು ಮುಖ್ಯ. ಒಂದು, ವೇಗ ಜಾಸ್ತಿ. ಇನ್ನೊಂದು, ಪಕ್ಕಕ್ಕೆ ತೇಲುತ್ತಾ ತಾಗಿಸುವುದು.

ವೇಗದ ವಿಷಯ ಲೆಕ್ಕದಲ್ಲೇ ನೋಡಿ. 50 ನಾಟ್‌ಗೆ ತಾಗಿಸಬೇಕಾದದ್ದನ್ನು 60ಕ್ಕೆ ತಾಗಿಸಿದರೆ ವಿಮಾನದಲ್ಲಿರುವ ಶಕ್ತಿ ಶೇ. 44 ಹೆಚ್ಚು. ಅಷ್ಟನ್ನೂ ನೀವು ಕಾಲಲ್ಲೇ ಪಳಗಿಸಬೇಕು. ಕೈಪಿಡಿ ಹೇಳಿದ ವೇಗ ಇಟ್ಟುಕೊಳ್ಳಿ. ಗಾಳಿ ಬೀಸಿ ಬೀಸಿ ಬರುತ್ತಿದ್ದರೆ ಬೀಸಿದಾಗ ಎಷ್ಟು ಹೆಚ್ಚಾಗುತ್ತದೋ ಅದರ ಅರ್ಧದಷ್ಟು ಮಾತ್ರ ಸೇರಿಸಿ. ಭಯಕ್ಕೆ ಅಂತ ಇನ್ನೊಂದಿಷ್ಟು ಸೇರಿಸಬೇಡಿ.

ಪಕ್ಕಕ್ಕೆ ತೇಲುವುದು ಇನ್ನೂ ಕೆಟ್ಟದ್ದು. ಎಡಗಾಳಿ ವಿಮಾನವನ್ನು ಬಲಕ್ಕೆ ನೂಕುತ್ತಿದೆ ಅನ್ನಿ. ಹಾಗೇ ತಾಗಿಸಿದರೆ ಟೈರು ನೆಲವನ್ನು ಹಿಡಿದು ವಿಮಾನದ ಮುಂಭಾಗವನ್ನು ಎಡಕ್ಕೆ ಎಳೆಯುತ್ತದೆ. ಹಿಂದಿನ ಭಾರ ಬಲಕ್ಕೇ ನುಗ್ಗುತ್ತದೆ. ಮೂಗು ಗಾಳಿಯ ಕಡೆ ತಿರುಗುತ್ತದೆ. ಅದೇ ಹೊತ್ತಿಗೆ ಗಾಳಿ ಬಾಲದ ನಿಂತ ರೆಕ್ಕೆಯ ಮೇಲೆ ಒತ್ತಿ ಮೂಗನ್ನು ಅದೇ ಕಡೆ ತಿರುಗಿಸುತ್ತದೆ. ಎಡ ರೆಕ್ಕೆಯ ಕೆಳಗೂ ನುಗ್ಗುತ್ತದೆ. ಎಲ್ಲವೂ ಸೇರಿ ಒಂದೇ ಕಡೆ ನೂಕುತ್ತವೆ.

ಇದಕ್ಕೆ ಮದ್ದು, ಗಾಳಿಯ ಕಡೆಯ ರೆಕ್ಕೆ ಸ್ವಲ್ಪ ತಗ್ಗಿಸಿ, ಎದುರು ಕಾಲಲ್ಲಿ ಮೂಗನ್ನು ನೇರ ಇಟ್ಟುಕೊಳ್ಳುವುದು. ಕೈಗೂ ಕಾಲಿಗೂ ಕೆಲಸ ಹಂಚಿಬಿಡಿ. ಪಕ್ಕಕ್ಕೆ ತೇಲುತ್ತಿದ್ದೀರಾ? ಅದು ಕೈಯ ಕೆಲಸ. ರೆಕ್ಕೆ ಇನ್ನಷ್ಟು ತಗ್ಗಿಸಿ, ಇಲ್ಲವೇ ಕಡಿಮೆ ಮಾಡಿ. ಮೂಗು ಸೊಟ್ಟಗಿದೆಯಾ? ಅದು ಕಾಲಿನ ಕೆಲಸ. ಕೈ ಎಷ್ಟು ಬಾಗಿಸಿತು ಅಂತ ಕಾಲು ಕೇಳಬೇಕಾಗಿಲ್ಲ. ಬಹಳ ಜನ ಎರಡನ್ನೂ ಬೆರೆಸಿಕೊಂಡು, ಮೂಗು ಸೊಟ್ಟಗಿದ್ದಾಗ ಸ್ಟಿಕ್ ಅಲ್ಲಾಡಿಸುತ್ತಾರೆ. ನೆಲದ ಮೇಲೆ ಸ್ಟಿಕ್ ಕಾರಿನ ಸ್ಟಿಯರಿಂಗ್ ಥರ ಕೆಲಸ ಮಾಡುವುದಿಲ್ಲ.

ನೆಲಕ್ಕೆ ಹತ್ತಿರ ಬಂದಾಗ ರಡ್ಡರ್ ಪೂರ್ತಿ ಒತ್ತಿದರೂ ಮೂಗು ನೇರ ಆಗುತ್ತಿಲ್ಲವೇ? ನಿಮ್ಮ ವಿಮಾನಕ್ಕೆ ಆ ಗಾಳಿ ಜಾಸ್ತಿಯಾಯಿತು ಅಂತ ಅರ್ಥ. ತಾಗಿಸಬೇಡಿ. ಥ್ರಾಟಲ್ ಕೊಟ್ಟು ಮೇಲೆ ಹೋಗಿ, ಬೇರೆ ರನ್‌ವೇ ಹುಡುಕಿ.

ಆರನೇ ಹೆಜ್ಜೆ: ತಾಗುವ ಗಳಿಗೆ

ಎರಡು ದಾರಿ ಇವೆ. ಮೂರೂ ಚಕ್ರ ಒಟ್ಟಿಗೆ ತಾಗಿಸುವುದು ಒಂದು. ವೇಗ ಅತಿ ಕಡಿಮೆ ಇರುತ್ತದೆ, ಬಾಲಚಕ್ರ ತಕ್ಷಣ ಕೆಲಸಕ್ಕೆ ಬರುತ್ತದೆ. ತಾಗಿದ ಕೂಡಲೇ ಸ್ಟಿಕ್ ಹೊಟ್ಟೆಗೆ ತಾಗುವಷ್ಟು ಹಿಂದಕ್ಕೆ ಎಳೆದು ಅಲ್ಲೇ ಹಿಡಿಯಿರಿ. ಬಾಲಚಕ್ರದ ಮೇಲೆ ಭಾರ ಬಿದ್ದರೆ ಮಾತ್ರ ಅದು ದಿಕ್ಕು ಹಿಡಿಯುತ್ತದೆ. ಕಲಿಯುವವರು ತಾಗಿದ ಖುಷಿಗೆ ಸ್ಟಿಕ್ ಸಡಿಲ ಬಿಡುತ್ತಾರೆ. ಬಾಲ ಹಗುರಾಗುತ್ತದೆ, ಕಾಲಿನ ಹಿಡಿತ ತಪ್ಪುತ್ತದೆ.

ಇನ್ನೊಂದು ವೀಲ್ ಲ್ಯಾಂಡಿಂಗ್. ಬಾಲ ಎತ್ತಿಕೊಂಡು ಮುಂದಿನ ಚಕ್ರಗಳನ್ನು ಮಾತ್ರ ಮೆಲ್ಲಗೆ ತಾಗಿಸಿ, ತಾಗಿದ ಮೇಲೆ ಸ್ಟಿಕ್ ಕೊಂಚ ಮುಂದಕ್ಕೆ. ಮುಂದೆ ಚೆನ್ನಾಗಿ ಕಾಣುತ್ತದೆ, ರಡ್ಡರ್‌ಗೆ ಗಾಳಿ ಚೆನ್ನಾಗಿ ಸಿಗುತ್ತದೆ. ಬೀಸುಗಾಳಿಯಲ್ಲಿ ಇದನ್ನು ಇಷ್ಟಪಡುವವರು ಬಹಳ. ಆದರೆ ಬಾಲ ಎಂದಾದರೂ ಕೆಳಗೆ ಬರಲೇಬೇಕು. ತಾನಾಗಿ ಬೀಳುವ ತನಕ ಕಾಯಬೇಡಿ. ಎಲಿವೇಟರಿಗೆ (ಬಾಲವನ್ನು ಏರಿಸಿ ಇಳಿಸುವ ಹಲಗೆ) ಇನ್ನೂ ಜೀವ ಇರುವಾಗಲೇ ನೀವೇ ಇಳಿಸಿ, ಆಮೇಲೆ ಸ್ಟಿಕ್ ಪೂರ್ತಿ ಹಿಂದಕ್ಕೆ. ಬಾಲ ಮೇಲಿರುವಾಗ ಬ್ರೇಕ್ ಮುಟ್ಟಿದರೆ ವಿಮಾನ ಮೂಗಿನ ಮೇಲೆ ನಿಲ್ಲಬಹುದು.

ಯಾವುದು ಮೇಲು ಅಂತ ಹ್ಯಾಂಗರುಗಳಲ್ಲಿ ಜಗಳ ನಡೆಯುತ್ತಲೇ ಇರುತ್ತದೆ. ನನ್ನ ಅನಿಸಿಕೆ, ಹಗುರ ವಿಮಾನದಲ್ಲಿ ಮೊದಲು ಮೂರು ಚಕ್ರದ್ದು ಕೈಗೆ ಬರಲಿ. ಎರಡರಲ್ಲೂ ಅಡ್ಡಗಾಳಿ ಇದ್ದರೆ ಗಾಳಿಯ ಕಡೆಯ ದೊಡ್ಡ ಚಕ್ರ ಮೊದಲು ತಾಗಬೇಕು. ಅದು ತಪ್ಪಲ್ಲ, ಅದೇ ಸರಿ.

ಪುಟಿಯಿತು ಅನ್ನಿ. ಭಾರ ಚಕ್ರದ ಹಿಂದಿರುವುದರಿಂದ ಜೋರಾಗಿ ತಾಗಿದಾಗ ಬಾಲ ಕುಸಿಯುತ್ತದೆ, ರೆಕ್ಕೆಗೆ ಮತ್ತೆ ಎತ್ತುವ ಬಲ ಬರುತ್ತದೆ, ವಿಮಾನ ಜಿಗಿಯುತ್ತದೆ. ಜಿಗಿದಾಗ ಮೂಗು ಸೊಟ್ಟಗಾಗುವುದು ಮಾಮೂಲು. ಎರಡನೇ ಸಲ ತಾಗುವುದು ಸೊಟ್ಟಗೇ. ದೊಡ್ಡ ಪುಟಿತವಾದರೆ ರಿಪೇರಿ ಮಾಡಲು ಹೋಗಬೇಡಿ. ಪೂರ್ತಿ ಥ್ರಾಟಲ್, ಗೋ-ಅರೌಂಡ್.

ಏಳನೇ ಹೆಜ್ಜೆ: ತಾಗಿದ ಮೇಲಿನ ಹತ್ತು ಸೆಕೆಂಡು

ಎಲ್ಲಕ್ಕಿಂತ ಜಾಸ್ತಿ ಗಮನ ಇಲ್ಲಿ ಬೇಕು.

ಚಿಕ್ಕವರಿದ್ದಾಗ ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ಆಡಿದ್ದೀರಲ್ಲ? ಕೋಲು ವಾಲಿದ ಮೇಲೆ ಕೈ ಓಡಿಸಿದರೆ ಬಿದ್ದೇ ಬೀಳುತ್ತದೆ. ವಾಲಲು ಶುರುವಾಗುವಾಗಲೇ ಕೈ ಒಂದಿಷ್ಟು ಜರುಗಿ, ತಕ್ಷಣ ನಿಲ್ಲಬೇಕು. ಕಣ್ಣು ಕೋಲಿನ ತುದಿಯಲ್ಲಿ ಇರಬೇಕು. ಅಂಗೈ ನೋಡಿದರೆ ಕೋಲು ಬಿತ್ತು.

ರನ್‌ವೇ ಮೇಲೂ ಕಣ್ಣು ದೂರದ ತುದಿಯಲ್ಲಿರಲಿ. ಮೂಗು ಮುಚ್ಚಿಕೊಂಡಿದ್ದರೆ ಎಡ ಬಲದ ಎರಡೂ ಅಂಚು ಒಟ್ಟಿಗೆ ಕಣ್ಣಂಚಿನಲ್ಲಿ ಹಿಡಿಯಿರಿ. ಒಂದೇ ಅಂಚು ನೋಡಿದರೆ ಅದೇ ಕಡೆ ಹೋಗುತ್ತೀರಿ. ಕಾಲು ಸಣ್ಣದಾಗಿ, ಬೇಗ ಬೇಗ ಆಡುತ್ತಿರಲಿ. ಒತ್ತಿ, ಬಿಡಿ. ಒತ್ತಿ, ಬಿಡಿ. ಒತ್ತಿ ಹಿಡಿದುಕೊಂಡರೆ ವಿಮಾನ ಇನ್ನೊಂದು ಕಡೆ ಹೊರಡುತ್ತದೆ. ಅದನ್ನು ಹಿಡಿಯಲು ಇನ್ನೂ ದೊಡ್ಡ ಒತ್ತು. ಮೂರನೇ ತೂಗಿಗೆ ಹತೋಟಿ ಹೋಗುತ್ತದೆ.

ಇನ್ನೊಂದು ಮಾತು. ಮೊದಲು ತಿರುಗುವುದನ್ನು ನಿಲ್ಲಿಸಿ. ನಡುಗೆರೆಗೆ ಆಮೇಲೆ ವಾಪಸ್ ಬರಬಹುದು. ಗೆರೆಯಿಂದ ಹತ್ತು ಅಡಿ ಪಕ್ಕದಲ್ಲಿ ನೆಟ್ಟಗೆ ಓಡುತ್ತಿದ್ದರೆ ಏನೂ ಅಪಾಯವಿಲ್ಲ. ಗೆರೆಗೆ ಮರಳುವ ಆತುರದಲ್ಲಿ ಮೂಗು ತಿರುಗಿಸುವವರೇ ಸಿಕ್ಕಿಬೀಳುತ್ತಾರೆ.

ಕೈಯನ್ನು ಮರೆಯಬೇಡಿ. ವೇಗ ಇಳಿದ ಹಾಗೆ ಏಲಿರಾನ್‌ನ (ರೆಕ್ಕೆಯನ್ನು ಎತ್ತಿ ತಗ್ಗಿಸುವ, ಅದರ ಹಿಂದಂಚಿನ ಹಲಗೆ) ಬಲ ಕಡಿಮೆಯಾಗುತ್ತದೆ. ಅದಕ್ಕೇ ಸ್ಟಿಕ್ ಅನ್ನು ಗಾಳಿಯ ಕಡೆಗೆ ಇನ್ನಷ್ಟು, ಕೊನೆಗೆ ಪೂರ್ತಿ ತಳ್ಳಿ. ರಡ್ಡರ್‌ನದೂ ಅದೇ ಪಾಡು. ಥ್ರಾಟಲ್ ಮುಚ್ಚಿದೆ, ಪ್ರೊಪೆಲರಿನ ಗಾಳಿ ಬಾಲಕ್ಕೆ ಬರುತ್ತಿಲ್ಲ, ವೇಗವೂ ಇಲ್ಲ. ಮೂವತ್ತು ನಾಟ್‌ನಲ್ಲಿ ಅರ್ಧ ಇಂಚು ಒತ್ತಿದರೆ ಆಗುತ್ತಿದ್ದ ಕೆಲಸಕ್ಕೆ ಹದಿನೈದರಲ್ಲಿ ಪೂರ್ತಿ ಒತ್ತಬೇಕು. ಗಾಳಿ ಮಾತ್ರ ಅಷ್ಟೇ ಇದೆ. ಮನಸ್ಸು ಮುಗಿಯಿತು ಅನ್ನುವ ಹೊತ್ತಿಗೆ ಕಾಲಿಗೆ ಕೆಲಸ ಜಾಸ್ತಿಯಾಗಿರುತ್ತದೆ. ನಾನು ಟ್ಯಾಕ್ಸಿವೇ ಹುಡುಕಿದ್ದು ಸರಿಯಾಗಿ ಆಗಲೇ.

ಫ್ಲ್ಯಾಪ್ ಎತ್ತುವುದು, ರೇಡಿಯೋದಲ್ಲಿ ಮಾತಾಡುವುದು, ಟ್ಯಾಕ್ಸಿವೇ ಹುಡುಕುವುದು ಎಲ್ಲ ವಿಮಾನ ನಡಿಗೆಯ ವೇಗಕ್ಕೆ ಬಂದ ಮೇಲೆ. ಟವರ್‌ನವರು ಬೇಗ ಹೊರಗೆ ಹೋಗಿ ಅಂದರೂ ಅಷ್ಟೇ. ಅವರು ಕಾಯಬಲ್ಲರು.

ಎಂಟನೇ ಹೆಜ್ಜೆ: ಹೊರಟೇಬಿಟ್ಟರೆ

ಮೂಗು ಎಡಕ್ಕೆ ಹೊರಟಿತು ಅನ್ನಿ. ಬಲ ರಡ್ಡರ್ ಪೂರ್ತಿ. ಸ್ಟಿಕ್ ಹಿಂದಕ್ಕೆ, ಮತ್ತು ಎಡಕ್ಕೆ. ಎಡಕ್ಕೆ ಯಾಕೆ? ಹೊರಗಿನ ಬಲ ರೆಕ್ಕೆ ನೆಲಕ್ಕೆ ಬಾಗುತ್ತಿರುತ್ತದೆ. ಸ್ಟಿಕ್ ಎಡಕ್ಕೆ ಹಾಕಿದರೆ ಆ ರೆಕ್ಕೆ ಎತ್ತುತ್ತದೆ. ಅದರ ಏಲಿರಾನ್ ಕೆಳಗೆ ಇಳಿದು ಗಾಳಿಗೆ ಅಡ್ಡವಾಗುತ್ತದೆ, ಮೂಗನ್ನು ಕೊಂಚ ಬಲಕ್ಕೆ ಎಳೆಯುತ್ತದೆ. ಕಾರಿನ ಅಭ್ಯಾಸದಿಂದ ಕೈ ಬಲಕ್ಕೆ ಹೋಗುತ್ತದೆ. ಅದನ್ನು ಮೊದಲೇ ತಿದ್ದಿಕೊಳ್ಳಿ. ರಡ್ಡರ್ ಸಾಲದಿದ್ದರೆ ಬಲ ಬ್ರೇಕ್ ತಟ್ಟಿ. ತಟ್ಟಿ ಬಿಡಿ, ತುಳಿದು ನಿಲ್ಲಬೇಡಿ.

ಇನ್ನೊಂದು ಆಯುಧ ಥ್ರಾಟಲ್. ಒಂದು ಕ್ಷಣ ಜೋರಾಗಿ ಕೊಟ್ಟರೆ ಪ್ರೊಪೆಲರಿನ ಗಾಳಿ ರಡ್ಡರ್ ಮೇಲೆ ಬೀಸಿ ಅದಕ್ಕೆ ಜೀವ ಬರುತ್ತದೆ. ಆದರೆ ಲೈಕೊಮಿಂಗ್, ಕಾಂಟಿನೆಂಟಲ್ ಎಂಜಿನ್ನುಗಳಲ್ಲಿ ಪವರ್ ಕೊಟ್ಟಾಗ ಮೂಗು ಎಡಕ್ಕೆ ಎಳೆಯುತ್ತದೆ. ಹಳೆಯ ಬ್ರಿಟಿಷ್ ತರಬೇತಿ ವಿಮಾನ ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಎಂಜಿನ್ ಉಲ್ಟಾ ಸುತ್ತುತ್ತದೆ, ಅದರಲ್ಲಿ ಬಲಕ್ಕೆ. ನಿಮ್ಮದು ಯಾವ ಕಡೆ ಅಂತ ಮೊದಲೇ ಗೊತ್ತಿರಲಿ.

ಪೂರ್ತಿ ಗೋ-ಅರೌಂಡ್ ಯಾವಾಗ? ಮೂಗು ಇನ್ನೂ ರನ್‌ವೇಯೊಳಗೇ ಇದ್ದರೆ, ವೇಗ ಇನ್ನೂ ಇದ್ದರೆ. ಮೂಗು ಆಗಲೇ ಅಂಚು ದಾಟಿ ಬೇಲಿಯನ್ನೋ ಮರವನ್ನೋ ನೋಡುತ್ತಿದ್ದರೆ ಪವರ್ ಕೊಡಬೇಡಿ. ಪುಟ್ಟ ಗ್ರೌಂಡ್ ಲೂಪ್‌ನಲ್ಲಿ ಹೋಗುವುದು ರೆಕ್ಕೆಯ ತುದಿ, ಹೆಚ್ಚೆಂದರೆ ಚಕ್ರದ ಕಾಲು. ವೇಗ ಹೆಚ್ಚಿಸಿಕೊಂಡು ಮರಕ್ಕೆ ಹೋದರೆ ಹೋಗುವುದು ಬೇರೆ. ಆಗ ಥ್ರಾಟಲ್ ಮುಚ್ಚಿ, ಸ್ಟಿಕ್ ಹೊಟ್ಟೆಗೆ, ಮಿಕ್ಸ್ಚರ್ (ಎಂಜಿನ್ನಿಗೆ ಪೆಟ್ರೋಲು ಬಿಡುವ ಗುಬ್ಬಿ) ಎಳೆದು ಎಂಜಿನ್ ನಿಲ್ಲಿಸಿ. ನಿಂತ ಮೇಲೆ ಪೆಟ್ರೋಲು, ಮ್ಯಾಗ್ನೆಟೋ, ಮಾಸ್ಟರ್ ಸ್ವಿಚ್ ಎಲ್ಲ ಆಫ್ ಮಾಡಿ ಹೊರಗೆ ಬನ್ನಿ.

ನಿಂತ ಮೇಲೆ

ಯಾರೂ ನೋಡಲಿಲ್ಲ ಅಂತ ಮತ್ತೆ ಸ್ಟಾರ್ಟ್ ಮಾಡಿ ಹಾರಿಬಿಡಬೇಡಿ. ಪ್ರೊಪೆಲರ್ ನೆಲಕ್ಕೆ ತಾಗಿದ್ದರೆ, ಮೆತ್ತನ್ನ ಮಣ್ಣಿಗೇ ಆಗಿರಲಿ, ಎಂಜಿನ್ ಬಿಚ್ಚಿ ಒಳಗಿನ ಕ್ರ್ಯಾಂಕ್‌ಶಾಫ್ಟ್ ನೋಡಿಸಬೇಕು. ಲೈಕೊಮಿಂಗ್, ಕಾಂಟಿನೆಂಟಲ್ ಎರಡೂ ಹೇಳುವುದು ಅದನ್ನೇ. ಹೊರಗಿನ ರೆಕ್ಕೆಯ ತುದಿ, ಅದರ ಏಲಿರಾನ್ ನೋಡಿ. ಬಟ್ಟೆ ಹೊದಿಸಿದ ರೆಕ್ಕೆಯಾದರೆ ಒಳಗಿನ ಮರ ಮುರಿದಿದ್ದರೂ ಮೇಲೆ ಸುಕ್ಕು ಮಾತ್ರ ಕಾಣಬಹುದು. ಚಕ್ರದ ಕಾಲು ದೇಹಕ್ಕೆ ಸೇರುವ ಬೋಲ್ಟುಗಳು, ಬಾಲಚಕ್ರದ ಪಟ್ಟಿಯ ಬೋಲ್ಟು, ಕಬ್ ಆದರೆ ಚಕ್ರದ ರಬ್ಬರ್ ಹಗ್ಗ ಎಲ್ಲ ಮೆಕ್ಯಾನಿಕ್ ನೋಡಲಿ.

ಟೈರಿಗೂ ರಿಮ್ಮಿಗೂ ನಡುವೆ ಹುಲ್ಲು ಸಿಕ್ಕಿಕೊಂಡಿದ್ದರೆ ಅದನ್ನು ಕಿತ್ತು ಬಿಸಾಡಿ ಸುಮ್ಮನಾಗಬೇಡಿ. ಟೈರು ಪಕ್ಕಕ್ಕೆ ಮಡಚಿಕೊಂಡಿತ್ತು ಅಂತ ಅದರ ಅರ್ಥ. ಗಾಳಿ ತುಂಬುವ ವಾಲ್ವ್ ನೋಡಿ. ಅದು ನೆಟ್ಟಗಿರದೆ ಓರೆಯಾಗಿದ್ದರೆ ಒಳಗೆ ಟ್ಯೂಬು ಜಾರಿದೆ. ಚಕ್ರ ಬಿಚ್ಚಿಸಿ ಟ್ಯೂಬು ಬದಲಿಸಿಕೊಂಡೇ ಮುಂದಿನ ಹಾರಾಟ. ಅವತ್ತು ನನ್ನದರಲ್ಲಿ ಹೆಬ್ಬೆರಳಿನಷ್ಟು ಓರೆಯಾಗಿತ್ತು.